ಪಿಡಿಪಿ-11 ಸದಾ ಓಡುತ್ತಿರಲಿ: ಸಿಮ್‌ಎಚ್ ಎಮ್ಯುಲೇಟರನ್ನು ಹಿನ್ನೆಲೆ ಸರ್ವಿಸ್ ಆಗಿ ನಡೆಸುವ ಬಗೆ

ಹಳೆಯ ಕಂಪ್ಯೂಟರ್‌ಗಳ ಎಮ್ಯುಲೇಟರ್ (ಆ ಯಂತ್ರವನ್ನು ಇಂದಿನ ಕಂಪ್ಯೂಟರಿನಲ್ಲಿ ಅನುಕರಿಸುವ ಪ್ರೋಗ್ರಾಮ್) ಹಾಕಿಕೊಂಡವರಲ್ಲಿ ಹೆಚ್ಚಿನವರು ಅದನ್ನು ಬೇಕಾದಾಗ ತೆರೆದು, ಸಾಕಾದಾಗ ಮುಚ್ಚುತ್ತಾರೆ. ನೋಡುವುದಕ್ಕೆ ಅಷ್ಟು ಸಾಕು. ಆದರೆ 1970ರ ದಶಕದ ಮಿನಿಕಂಪ್ಯೂಟರ್‌ಗಳು ಹಾಗೆ ಬಳಕೆಯಾಗುತ್ತಿರಲಿಲ್ಲ. ಅವು ಹಗಲು ರಾತ್ರಿ ಓಡುತ್ತಿದ್ದವು. ಬೇರೆ ಬೇರೆ ಕೋಣೆಗಳಲ್ಲಿದ್ದ ಟರ್ಮಿನಲ್‌ಗಳಿಂದ ಹಲವರು ಒಂದೇ ಯಂತ್ರಕ್ಕೆ ಲಾಗಿನ್ ಆಗಿ ಕೆಲಸ ಮಾಡುತ್ತಿದ್ದರು. ರಾತ್ರಿ ಕ್ರಾನ್, ಅಂದರೆ ಹೇಳಿಟ್ಟ ಹೊತ್ತಿಗೆ ಕೆಲಸ ನಡೆಸುವ ಪ್ರೋಗ್ರಾಮ್, ತನ್ನ ಪಾಡಿಗೆ ಕೆಲಸ ಮುಗಿಸುತ್ತಿತ್ತು, ಬೆಳಿಗ್ಗೆ ಬಂದವರಿಗೆ ಮೇಲ್ ಕಾದಿರುತ್ತಿತ್ತು. ಆ ಯಂತ್ರದ ನಿಜವಾದ ಗುಣ ಗೊತ್ತಾಗಬೇಕಾದರೆ ಎಮ್ಯುಲೇಟರ್ ಕೂಡ ಸದಾ ಓಡುತ್ತಿರಬೇಕು. ನೀವು ಯಾವಾಗ ಬಂದರೂ ಲಾಗಿನ್ ಪ್ರಾಂಪ್ಟ್ ಸಿಗಬೇಕು.

ಇಲ್ಲಿ ನಾನು ಆರಿಸಿಕೊಂಡಿರುವುದು ಮೂರು ವಸ್ತು. ಒಂದು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್, ಅದರ ಮೇಲೆ ಸಿಮ್‌ಎಚ್ ಎಮ್ಯುಲೇಟರ್‌ನ ಪಿಡಿಪಿ-11, ಅದರೊಳಗೆ 2.11ಬಿಎಸ್‌ಡಿ ಯುನಿಕ್ಸ್. ಪೈ ಇಲ್ಲದಿದ್ದರೆ ಡೆಬಿಯನ್ ಅಥವಾ ಉಬುಂಟು ಲಿನಕ್ಸ್ ಇರುವ ಯಾವ ಹಳೆಯ ಲ್ಯಾಪ್‌ಟಾಪ್ ಆದರೂ ನಡೆಯುತ್ತದೆ.

ಪಿಡಿಪಿ-11 ಸರಣಿಯನ್ನು ಅಮೆರಿಕದ ಡಿಜಿಟಲ್ ಎಕ್ವಿಪ್‌ಮೆಂಟ್ ಕಾರ್ಪೊರೇಶನ್, ಅಂದರೆ ಡೆಕ್, 1970ರಲ್ಲಿ ತಂದಿತು. ಬೆಲ್ ಲ್ಯಾಬ್ಸ್‌ನ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಯುನಿಕ್ಸನ್ನು ಬೆಳೆಸಿದ್ದು, ಸಿ ಭಾಷೆ ರೂಪ ಪಡೆದದ್ದು ಈ ಸರಣಿಯ ಯಂತ್ರಗಳ ಮೇಲೆಯೇ. 11/70 ಎಂಬ ದೊಡ್ಡ ಮಾದರಿ 1975ರಲ್ಲಿ ಬಂತು. ಅದರ ಮೆಮೊರಿಯ ಗರಿಷ್ಠ ಮಿತಿ 4 ಎಂಬಿ. 2.11ಬಿಎಸ್‌ಡಿ ಬಂದದ್ದು 1991ರಲ್ಲಿ. ಪಿಡಿಪಿ-11ಗೆ ಸಿಕ್ಕಿದ ಬರ್ಕ್ಲಿ ಯುನಿಕ್ಸ್‌ಗಳಲ್ಲಿ ಇದೇ ಕೊನೆಯದು, ಅತ್ಯಂತ ಪೂರ್ಣವಾದದ್ದು. ಸಿಮ್‌ಎಚ್ ಡೆಕ್‌ನಲ್ಲೇ ಕೆಲಸ ಮಾಡಿದ್ದ ಬಾಬ್ ಸುಪ್ನಿಕ್ ಅವರ ಕೊಡುಗೆ. ಅವರು 1993ರಲ್ಲಿ ಅದನ್ನು ಶುರು ಮಾಡಿದರು. 2022ರಿಂದ ಅದರ ಒಂದು ಕವಲು ಓಪನ್ ಸಿಮ್‌ಎಚ್ ಎಂಬ ಹೆಸರಿನಲ್ಲಿ, ಮುಕ್ತ ಪರವಾನಗಿಯಡಿ ಬೆಳೆಯುತ್ತಿದೆ. ನಾವು ಬಳಸುವುದು ಅದನ್ನೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಎಮ್ಯುಲೇಟರನ್ನು ತಾನಾಗಿ ಶುರು ಮಾಡಿಸುವುದು ಬಹಳ ಸುಲಭ. ಅದನ್ನು ಸರಿಯಾಗಿ ನಿಲ್ಲಿಸುವುದೇ ನಿಜವಾದ ಕೆಲಸ. ಇಲ್ಲಿ ಇರುವುದು ಎರಡು ಆಪರೇಟಿಂಗ್ ಸಿಸ್ಟಮ್: ಹೊರಗೆ ಲಿನಕ್ಸ್, ಒಳಗೆ ಹಳೆಯ ಯುನಿಕ್ಸ್. ಹೊರಗಿನದು ಮುಚ್ಚುತ್ತಿದೆ ಎಂಬ ಸುದ್ದಿ ಒಳಗಿನದಕ್ಕೆ ತಾನಾಗಿ ತಲುಪುವುದಿಲ್ಲ. ಆ ಸುದ್ದಿ ತಲುಪಿಸುವ ಏರ್ಪಾಡು ನಾವೇ ಮಾಡಬೇಕು. ಅದಕ್ಕೇ ಈ ಲೇಖನದಲ್ಲಿ ನಿಲ್ಲಿಸುವ ಭಾಗಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಕಮಾಂಡ್‌ಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ನೀವು ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣ ಅಕ್ಷರ ಬಳಸಿ. ದೊಡ್ಡ ಅಕ್ಷರ ಬೇಕಾದ ಕಡೆ ಹೇಳಿದ್ದೇನೆ.

ಸಿಮ್‌ಎಚ್ ಕಟ್ಟಿಕೊಳ್ಳುವುದು

ಡೆಬಿಯನ್‌ನಲ್ಲಿ ಸಿಮ್‌ಎಚ್‌ನ ಸಿದ್ಧ ಪ್ಯಾಕೇಜ್ ಇದೆ. ಆದರೆ ಅದು ಹಳೆಯ ಆವೃತ್ತಿ. ನಮಗೆ ಮುಂದೆ ಬೇಕಾಗುವ ಕೆಲವು ಸೌಲಭ್ಯಗಳು ಹೊಸದರಲ್ಲಿವೆ. ಹಾಗಾಗಿ ಸೋರ್ಸ್‌ನಿಂದಲೇ ಕಟ್ಟೋಣ. ಮೊದಲು ಬೇಕಾದ ಸಾಮಗ್ರಿ:

ಸುಡೋ ಆಪ್ಟ್ ಇನ್‌ಸ್ಟಾಲ್ ಗಿಟ್ ಬಿಲ್ಡ್-ಎಸೆನ್ಶಿಯಲ್ ಸ್ಕ್ರೀನ್ ಟೆಲ್ನೆಟ್

ಗಿಟ್‌ಹಬ್‌ನಲ್ಲಿ ಓಪನ್-ಸಿಮ್‌ಎಚ್ ಎಂಬ ಖಾತೆಯಡಿ ಸಿಮ್‌ಎಚ್ ಎಂಬ ರೆಪೊಸಿಟರಿ ಇದೆ. ಅದನ್ನು ಗಿಟ್ ಕ್ಲೋನ್ ಮಾಡಿ, ಆ ಫೋಲ್ಡರ್‌ಗೆ ಹೋಗಿ, "ಮೇಕ್ ಪಿಡಿಪಿ11" ಎಂದು ಕೊಡಿ. ಬರೀ "ಮೇಕ್" ಎಂದರೆ ಅದರಲ್ಲಿರುವ ಎಲ್ಲ ಯಂತ್ರಗಳನ್ನೂ ಕಟ್ಟಲು ಹೊರಡುತ್ತದೆ, ಪೈ ಮೇಲೆ ಅದಕ್ಕೆ ತುಂಬ ಹೊತ್ತು ಬೇಕು. ಕೆಲಸ ಮುಗಿದ ಮೇಲೆ ಬಿನ್ ಎಂಬ ಫೋಲ್ಡರ್‌ನಲ್ಲಿ ಪಿಡಿಪಿ11 ಎಂಬ ಫೈಲ್ ಸಿಗುತ್ತದೆ. ಆ ಫೋಲ್ಡರ್ ಹೆಸರು ಮಾತ್ರ ಪೂರ್ತಿ ದೊಡ್ಡ ಅಕ್ಷರದಲ್ಲಿದೆ.

ಎಮ್ಯುಲೇಟರ್ ಓಡಿಸುವುದಕ್ಕೆ ಬೇರೆಯೇ ಒಬ್ಬ ಬಳಕೆದಾರನನ್ನು ಮಾಡಿ. ರೂಟ್ ಆಗಿ ಓಡಿಸುವ ಅಗತ್ಯವಿಲ್ಲ, ಓಡಿಸಲೂಬಾರದು. ಹೊರಗಿನವರು ಟೆಲ್ನೆಟ್‌ನಿಂದ, ಅಂದರೆ ನೆಟ್‌ವರ್ಕ್ ಮೂಲಕ ಲಾಗಿನ್ ಆಗುವ ಹಳೆಯ ವಿಧಾನದಿಂದ, ತಟ್ಟುವ ಪ್ರೋಗ್ರಾಮ್ ಇದು. ಅದರ ಕೈಯಲ್ಲಿ ನಿಮ್ಮ ಲಿನಕ್ಸ್‌ನ ಪೂರ್ತಿ ಅಧಿಕಾರ ಇರುವುದು ಬೇಡ. ನಾನು ಆ ಬಳಕೆದಾರನಿಗೆ ಅಜ್ಜ ಎಂದು ಹೆಸರಿಟ್ಟಿದ್ದೇನೆ:

ಸುಡೋ ಆಡ್‌ಯೂಸರ್ --ಡಿಸೇಬಲ್ಡ್-ಪಾಸ್‌ವರ್ಡ್ ಅಜ್ಜ

ಕಟ್ಟಿದ ಪಿಡಿಪಿ11 ಫೈಲನ್ನು /ಹೋಮ್/ಅಜ್ಜ ಒಳಗೆ ಹಾಕಿ. 2.11ಬಿಎಸ್‌ಡಿ ಇರುವ ಡಿಸ್ಕ್ ಇಮೇಜ್ (ಇಡೀ ಡಿಸ್ಕ್‌ನಲ್ಲಿರುವುದನ್ನು ಹಿಡಿದಿಟ್ಟ ಒಂದು ಫೈಲ್) ಕೂಡ ಅಲ್ಲೇ ಇರಲಿ. ಟೇಪ್‌ನಿಂದ ಇನ್‌ಸ್ಟಾಲ್ ಮಾಡುವ ಆಸೆ ಇದ್ದವರಿಗೆ ಯುನಿಕ್ಸ್ ಹೆರಿಟೇಜ್ ಸೊಸೈಟಿಯ ಭಂಡಾರದಲ್ಲಿ ಬೇಕಾದದ್ದು ಸಿಗುತ್ತದೆ. ಸಿದ್ಧ ಇಮೇಜ್ ಬೇಕೆಂದರೆ ಆಸ್ಕರ್ ವರ್ಮ್ಯೂಲನ್ ಅವರ ಪೈಡಿಪಿ-11 ಕಿಟ್‌ಗಾಗಿ ಮಾಡಿಟ್ಟ ಸಾಫ್ಟ್‌ವೇರ್ ನೋಡಿ. 11/70ರ ಮುಂಭಾಗದ ಸ್ವಿಚ್, ದೀಪಗಳನ್ನು ಪುಟ್ಟದಾಗಿ ಮರುಸೃಷ್ಟಿಸಿದ ಕಿಟ್ ಅದು. ನೋಡಿದರೆ ಕೊಳ್ಳಬೇಕೆನಿಸುತ್ತದೆ. ಫೈಲ್‌ಗಳನ್ನು ಹಾಕಿದ ಮೇಲೆ ಅವುಗಳ ಒಡೆತನ ಅಜ್ಜನ ಹೆಸರಿಗೆ ಬದಲಾಯಿಸಲು ಮರೆಯಬೇಡಿ. ಇಲ್ಲದಿದ್ದರೆ ಡಿಸ್ಕ್ ಓದಬಹುದು, ಬರೆಯಲಾಗದು.

ಇನಿ ಫೈಲ್

ಸಿಮ್‌ಎಚ್‌ಗೆ ಕೊಡುವ ಕಮಾಂಡ್‌ಗಳನ್ನೆಲ್ಲ ಒಂದು ಫೈಲಿನಲ್ಲಿ ಬರೆದಿಟ್ಟರೆ ಅದು ಸಾಲು ಸಾಲಾಗಿ ಓದಿಕೊಳ್ಳುತ್ತದೆ. /ಹೋಮ್/ಅಜ್ಜ/ಬೂಟ್.ಇನಿ ಎಂಬ ಫೈಲ್ ಮಾಡಿ, ಹೀಗೆ ಬರೆಯಿರಿ:

ಸೆಟ್ ಸಿಪಿಯು 11/70
ಸೆಟ್ ಸಿಪಿಯು 4ಎಂ
ಸೆಟ್ ಸಿಪಿಯು ಐಡಲ್
ಸೆಟ್ ಕನ್ಸೋಲ್ ಡಬ್ಲ್ಯುಆರ್‌ಯು=34
ಸೆಟ್ ಆರ್‌ಕ್ಯು0 ಆರ್‌ಎ81
ಅಟ್ಯಾಚ್ -ಇ ಆರ್‌ಕ್ಯು0 /ಹೋಮ್/ಅಜ್ಜ/ಬಿಎಸ್‌ಡಿ.ಡಿಎಸ್‌ಕೆ
ಸೆಟ್ ಡಿಝಡ್ ಎನೇಬಲ್
ಸೆಟ್ ಡಿಝಡ್ ಲೈನ್ಸ್=8
ಅಟ್ಯಾಚ್ ಡಿಝಡ್ 2323
ಬೂಟ್ ಆರ್‌ಕ್ಯು0
ಎಕ್ಸಿಟ್

ಮೊದಲೆರಡು ಸಾಲು ಯಂತ್ರದ ಮಾದರಿ ಮತ್ತು ಮೆಮೊರಿ. 2.11ಬಿಎಸ್‌ಡಿ ಪಿಡಿಪಿ-11ರ ಎಲ್ಲ ಮಾದರಿಗಳ ಮೇಲೂ ಓಡುವುದಿಲ್ಲ. ಕೋಡ್‌ಗೆ ಬೇರೆ, ಡೇಟಾಗೆ ಬೇರೆ ವಿಳಾಸ ಜಾಗ ಕೊಡುವ ದೊಡ್ಡ ಮಾದರಿಗಳೇ ಬೇಕು. 11/70 ಅಂಥದ್ದು.

ಮೂರನೆಯ ಸಾಲನ್ನು ಬಿಡಲೇಬೇಡಿ. ಸದಾ ಓಡುವ ಸರ್ವಿಸ್‌ಗೆ ಅದು ತುಂಬ ಮುಖ್ಯ. ಮಾಡಲು ಏನೂ ಕೆಲಸ ಇಲ್ಲದಾಗ ಪಿಡಿಪಿ-11ರ ಯುನಿಕ್ಸ್ ವೇಟ್ ಎಂಬ ಸೂಚನೆ ಕೊಟ್ಟು ಮುಂದಿನ ಇಂಟರಪ್ಟ್‌ಗಾಗಿ ಕಾಯುತ್ತದೆ. ಐಡಲ್ ಹಾಕದಿದ್ದರೆ ಸಿಮ್‌ಎಚ್ ಆ ಸುಮ್ಮನಿರುವಿಕೆಯನ್ನೂ ಪೂರ್ಣ ವೇಗದಲ್ಲಿ ಅನುಕರಿಸುತ್ತಾ ಹೋಗುತ್ತದೆ. ನಿಮ್ಮ ಪ್ರೊಸೆಸರ್‌ನ ಒಂದು ಕೋರ್ ನೂರಕ್ಕೆ ನೂರು ದುಡಿಯುತ್ತದೆ, ಪೈ ಬಿಸಿಯಾಗುತ್ತದೆ. ಐಡಲ್ ಹಾಕಿದರೆ ಒಳಗಿನ ಯಂತ್ರ ಕಾಯುವಾಗ ಹೊರಗಿನದೂ ಮಲಗುತ್ತದೆ. ಟಾಪ್ ಕಮಾಂಡ್ ಕೊಟ್ಟು ನೋಡಿ, ವ್ಯತ್ಯಾಸ ತಕ್ಷಣ ಕಾಣುತ್ತದೆ.

ನಾಲ್ಕನೆಯದು ಒಂದು ಎಚ್ಚರಿಕೆ. ಸಿಮ್‌ಎಚ್‌ನಲ್ಲಿ ಕಂಟ್ರೋಲ್-ಇ ಒತ್ತಿದರೆ ಇಡೀ ಯಂತ್ರ ಅಲ್ಲೇ ನಿಲ್ಲುತ್ತದೆ. ಸಾಲಿನ ಕೊನೆಗೆ ಹೋಗಲು ಕಂಟ್ರೋಲ್-ಇ ಒತ್ತುವ ಅಭ್ಯಾಸ ನಮ್ಮಲ್ಲಿ ಹಲವರಿಗಿದೆ, ಅಲ್ವಾ? ಹಾಗಾಗಿ ಆ ಕೀಯನ್ನು ಬದಲಾಯಿಸಿದ್ದೇನೆ. ಪಿಡಿಪಿ-11ರ ಸಿಮ್‌ಎಚ್ ಸಂಖ್ಯೆಗಳನ್ನು ಆಕ್ಟಲ್‌ನಲ್ಲಿ, ಅಂದರೆ ಎಂಟರ ಆಧಾರದ ಎಣಿಕೆಯಲ್ಲಿ, ಓದುತ್ತದೆ. ಆಕ್ಟಲ್ 34 ಅಂದರೆ ಕಂಟ್ರೋಲ್ ಮತ್ತು ಬ್ಯಾಕ್‌ಸ್ಲ್ಯಾಶ್. ಅದನ್ನು ಯಾರೂ ಅಭ್ಯಾಸಬಲದಿಂದ ಒತ್ತುವುದು ಕಡಿಮೆ.

ಡಿಸ್ಕ್‌ನ ಮಾದರಿ ನಿಮ್ಮ ಇಮೇಜ್‌ಗೆ ಹೊಂದಬೇಕು. ಇಲ್ಲಿ ಆರ್‌ಎ81 ಎಂದಿದೆ, ನಿಮ್ಮದು ಬೇರೆ ಇರಬಹುದು. ಇಮೇಜ್ ಜೊತೆ ಬಂದ ಇನಿ ಫೈಲಿನಲ್ಲಿ ಏನಿದೆಯೋ ಅದನ್ನೇ ಹಾಕಿ. ಅಟ್ಯಾಚ್ ಮುಂದಿನ "-ಇ" ಚಿಕ್ಕದಾದರೂ ದೊಡ್ಡ ಉಪಕಾರ ಮಾಡುತ್ತದೆ. ಅದಿಲ್ಲದಿದ್ದರೆ, ಹೆಸರಿಸಿದ ಫೈಲ್ ಸಿಗದಿದ್ದಾಗ ಸಿಮ್‌ಎಚ್ ತಾನೇ ಒಂದು ಖಾಲಿ ಡಿಸ್ಕ್ ಸೃಷ್ಟಿಸುತ್ತದೆ. ಫೈಲ್ ಹೆಸರಿನಲ್ಲಿ ಒಂದಕ್ಷರ ತಪ್ಪಿದರೂ ಖಾಲಿ ಡಿಸ್ಕ್ ಬೂಟ್ ಆಗದೆ ನೀವು ಬೇರೆಲ್ಲೋ ಹುಡುಕುತ್ತಾ ಕೂರಬೇಕಾಗುತ್ತದೆ.

ಡಿಝಡ್ ಸಾಲುಗಳು ಡಿಝಡ್11 ಎಂಬ ಟರ್ಮಿನಲ್ ಬೋರ್ಡ್ ಕುರಿತು. ಒಂದು ಬೋರ್ಡ್‌ಗೆ 8 ಟರ್ಮಿನಲ್ ಲೈನ್. 2323ನೆಯ ಪೋರ್ಟ್‌ಗೆ ಟೆಲ್ನೆಟ್ ಮಾಡಿದ ಪ್ರತಿಯೊಬ್ಬರಿಗೂ ಅದರಲ್ಲಿ ಒಂದೊಂದು ಲೈನ್ ಸಿಗುತ್ತದೆ. ಒಳಗಿನ ಯುನಿಕ್ಸ್‌ನ /ಇಟಿಸಿ/ಟಿಟಿವೈಸ್ ಫೈಲಿನಲ್ಲಿ ಆ ಲೈನ್‌ಗಳು ಆನ್ ಇರಬೇಕು, ಇಲ್ಲವಾದರೆ ಸಂಪರ್ಕ ಆಗುತ್ತದೆ, ಲಾಗಿನ್ ಬರುವುದಿಲ್ಲ. ಫೈಲ್ ತಿದ್ದಿದ ಮೇಲೆ "ಕಿಲ್ -1 1" ಎಂದರೆ ಆ ಯುನಿಕ್ಸ್‌ನ ಮೊದಲ ಪ್ರಕ್ರಿಯೆಯಾದ ಇನಿಟ್ ಅದನ್ನು ಮತ್ತೆ ಓದುತ್ತದೆ.

ಇನ್ನು ಕೊನೆಯ ಸಾಲು, ಎಕ್ಸಿಟ್. ಒಳಗಿನ ಯುನಿಕ್ಸನ್ನು ಶಟ್‌ಡೌನ್ ಮಾಡಿದಾಗ ಅದು ಕೊನೆಗೆ ಹಾಲ್ಟ್ ಸೂಚನೆಯಲ್ಲಿ ನಿಲ್ಲುತ್ತದೆ. ಆಗ ಸಿಮ್‌ಎಚ್ ಇನಿ ಫೈಲಿನ ಮುಂದಿನ ಸಾಲಿಗೆ ಬರುತ್ತದೆ. ಅಲ್ಲಿ ಎಕ್ಸಿಟ್ ಇದ್ದರೆ ಡಿಸ್ಕ್ ಬಿಡಿಸಿ, ಶಿಸ್ತಾಗಿ ಮುಗಿಯುತ್ತದೆ. ಇಲ್ಲದಿದ್ದರೆ ಪ್ರಾಂಪ್ಟ್ ತೋರಿಸಿ ಯಾರೋ ಟೈಪ್ ಮಾಡುತ್ತಾರೆಂದು ಕಾಯುತ್ತಾ ಕೂರುತ್ತದೆ, ಸರ್ವಿಸ್ ನಿಲ್ಲುವುದೇ ಇಲ್ಲ. ನಮ್ಮ ಇಡೀ ಏರ್ಪಾಡು ಈ ಒಂದು ಪದದ ಮೇಲೆ ನಿಂತಿದೆ.

ಮೊದಲು ಕೈಯಾರೆ ಓಡಿಸಿ

ಸರ್ವಿಸ್ ಮಾಡುವ ಮುಂಚೆ ಅಜ್ಜನಾಗಿ ಲಾಗಿನ್ ಆಗಿ ("ಸುಡೋ -ಐಯು ಅಜ್ಜ") ಎಮ್ಯುಲೇಟರನ್ನು ಕೈಯಾರೆ ಓಡಿಸಿ ನೋಡಿ:

./ಪಿಡಿಪಿ11 ಬೂಟ್.ಇನಿ

ಎಲ್ಲಿಯೂ ಕೀಬೋರ್ಡ್ ಮುಟ್ಟಬೇಡಿ. ಲಾಗಿನ್ ಪ್ರಾಂಪ್ಟ್‌ವರೆಗೆ ತಾನಾಗಿ ಬಂದರೆ ಒಳ್ಳೆಯದು. ಕೆಲವು ಇಮೇಜ್‌ಗಳು ಮಧ್ಯೆ ನಿಲ್ಲುತ್ತವೆ. ಬೂಟ್ ಪ್ರೋಗ್ರಾಮ್ ಕರ್ನಲ್ ಹೆಸರು ಕೇಳುತ್ತಾ ನಿಲ್ಲಬಹುದು, ಅಥವಾ ಯುನಿಕ್ಸ್ ಸಿಂಗಲ್ ಯೂಸರ್ (ದುರಸ್ತಿಗೆಂದು ಕನ್ಸೋಲ್‌ನಲ್ಲಿ ಒಬ್ಬರೇ ಬಳಸುವ) ಸ್ಥಿತಿಯಲ್ಲಿ ನಿಂತು ಕಂಟ್ರೋಲ್-ಡಿಗಾಗಿ ಕಾಯಬಹುದು. ಇದಕ್ಕೆ ಸಿಮ್‌ಎಚ್‌ನ ಎಕ್ಸ್‌ಪೆಕ್ಟ್ ಮತ್ತು ಸೆಂಡ್ ಬಳಸಿ. "ಈ ಮಾತು ಪರದೆಯ ಮೇಲೆ ಬಂದಾಗ ಈ ಕೀ ಒತ್ತು" ಎಂದು ಮೊದಲೇ ಹೇಳಿಟ್ಟ ಹಾಗೆ ಅದು. ಇನಿ ಫೈಲಿನಲ್ಲಿ ಬೂಟ್ ಸಾಲಿಗಿಂತ ಮುಂಚೆ ಹೀಗೆ ಸೇರಿಸಿ:

ಎಕ್ಸ್‌ಪೆಕ್ಟ್ "ಕಾಣುವ ಮಾತು" ಸೆಂಡ್ "\ಆರ್"; ಕಂಟಿನ್ಯೂ

"ಕಾಣುವ ಮಾತು" ಇರುವ ಕಡೆ ಪರದೆಯಲ್ಲಿ ನಿಜಕ್ಕೂ ಬರುವ ಅಕ್ಷರಗಳನ್ನು ಹಾಕಿ. ಬ್ಯಾಕ್‌ಸ್ಲ್ಯಾಶ್ ಆರ್ ಅಂದರೆ ಎಂಟರ್ ಕೀ. ಕಂಟ್ರೋಲ್-ಡಿ ಕಳಿಸಬೇಕೆಂದರೆ ಅದರ ಬದಲು "\004" ಎಂದು ಬರೆಯಿರಿ. ಗುರುತಿಗೆ ತೀರಾ ಚಿಕ್ಕ ಮಾತು ಆರಿಸಬೇಡಿ. ಒಂದೇ ಒಂದು ಚಿಹ್ನೆ ಕೊಟ್ಟರೆ ಅದು ಬೇರೆ ಯಾವುದೋ ಸಾಲಿನಲ್ಲಿ ಮೊದಲೇ ಬಂದು, ಕೀ ತಪ್ಪಾದ ಹೊತ್ತಿನಲ್ಲಿ ಒತ್ತಿದಂತಾಗುತ್ತದೆ. ಸಾಲಿನ ಕೊನೆಯ ಕಂಟಿನ್ಯೂ ಕೂಡ ಬೇಕೇ ಬೇಕು. ಮಾತು ಹೊಂದಿದೊಡನೆ ಸಿಮ್‌ಎಚ್ ಯಂತ್ರವನ್ನು ತಡೆದು ನಿಲ್ಲಿಸಿರುತ್ತದೆ, ಮುಂದೆ ಓಡು ಎಂದು ನಾವೇ ಹೇಳಬೇಕು.

ಈಗ ರೂಟ್ ಆಗಿ ಒಳಗೆ ಹೋಗಿ "ಶಟ್‌ಡೌನ್ -ಎಚ್ ನೌ" ಕೊಡಿ. ಯಂತ್ರ ನಿಂತು, ನಿಮ್ಮ ಲಿನಕ್ಸ್ ಪ್ರಾಂಪ್ಟ್ ತಾನಾಗಿ ಮರಳಬೇಕು. ಇಷ್ಟು ಆಗುವವರೆಗೆ ಮುಂದಿನ ಹಂತಕ್ಕೆ ಹೋಗಬೇಡಿ. ಕೈಯಲ್ಲಿ ಸರಿಯಾಗಿ ನಡೆಯದ್ದು ಹಿನ್ನೆಲೆಯಲ್ಲಿ ಖಂಡಿತ ನಡೆಯುವುದಿಲ್ಲ, ಅಲ್ಲಿ ತಪ್ಪು ಹುಡುಕುವುದೂ ಕಷ್ಟ.

ಸ್ಕ್ರೀನ್ ಯಾಕೆ ಬೇಕು

ಲಿನಕ್ಸ್‌ನಲ್ಲಿ ಹಿನ್ನೆಲೆ ಸರ್ವಿಸ್‌ಗಳನ್ನು ನೋಡಿಕೊಳ್ಳುವುದು ಸಿಸ್ಟಮ್‌ಡಿ. ಅದು ಓಡಿಸುವ ಸರ್ವಿಸ್‌ಗೆ ಕೀಬೋರ್ಡೂ ಇಲ್ಲ, ಪರದೆಯೂ ಇಲ್ಲ. ಪಿಡಿಪಿ-11ಗೆ ಮಾತ್ರ ಕನ್ಸೋಲ್ ಬೇಕೇ ಬೇಕು. ಬೂಟ್ ಸಂದೇಶ ಬರುವುದು, ಡಿಸ್ಕ್ ದೋಷದ ಸುದ್ದಿ ಬರುವುದು, ತೊಂದರೆಯಾದಾಗ ನಾವು ಕೂರುವುದು ಎಲ್ಲ ಅಲ್ಲೇ. ಸ್ಕ್ರೀನ್ ಎಂಬ ಪ್ರೋಗ್ರಾಮ್ ಯಾರೂ ನೋಡದಿದ್ದರೂ ಒಂದು ಟರ್ಮಿನಲ್ ಜೀವಂತ ಇಟ್ಟಿರುತ್ತದೆ. ಬೇಕೆನಿಸಿದಾಗ ನಾವು ಅದಕ್ಕೆ ಸೇರಿಕೊಳ್ಳಬಹುದು, ಬಿಟ್ಟು ಬರಬಹುದು.

ಇನ್ನೊಂದು ದಾರಿಯೂ ಇದೆ. ಕನ್ಸೋಲನ್ನೇ ಟೆಲ್ನೆಟ್ ಪೋರ್ಟ್‌ಗೆ ಕೊಡುವುದು: "ಸೆಟ್ ಕನ್ಸೋಲ್ ಟೆಲ್ನೆಟ್=2300". ಆದರೆ ಇಷ್ಟೇ ಹಾಕಿದರೆ ಸಿಮ್‌ಎಚ್ ಯಾರಾದರೂ ಸಂಪರ್ಕಿಸಲಿ ಎಂದು ಸ್ವಲ್ಪ ಹೊತ್ತು ಕಾದು, ಯಾರೂ ಬಾರದಿದ್ದರೆ ಬೂಟ್ ಮಾಡದೇ ಬಿಡುತ್ತದೆ. ಅದರ ಜೊತೆ "ಸೆಟ್ ಕನ್ಸೋಲ್ ಟೆಲ್ನೆಟ್=ಬಫರ್ಡ್" ಕೂಡ ಹಾಕಿದರೆ ಯಾರೂ ಇಲ್ಲದಿದ್ದರೂ ಓಡುತ್ತದೆ. ನನಗೆ ಸ್ಕ್ರೀನ್ ದಾರಿಯೇ ಇಷ್ಟ. ಕನ್ಸೋಲ್ ನೆಟ್‌ವರ್ಕ್‌ಗೆ ತೆರೆದಿರುವುದಿಲ್ಲ. ಜೊತೆಗೆ, ನಿಲ್ಲಿಸುವಾಗ ಹೊರಗಿನಿಂದ ಅದಕ್ಕೆ ಟೈಪ್ ಮಾಡಿಸುವುದು ಸಲೀಸು.

ಸರ್ವಿಸ್ ಫೈಲ್

/ಇಟಿಸಿ/ಸಿಸ್ಟಮ್‌ಡಿ/ಸಿಸ್ಟಮ್/ಪಿಡಿಪಿ11.ಸರ್ವಿಸ್ ಎಂಬ ಫೈಲ್ ಮಾಡಿ. ಇದರಲ್ಲಿ ಸಮ ಚಿಹ್ನೆಯ ಎಡಗಡೆ ಇರುವ ಹೆಸರುಗಳಲ್ಲಿ ಪ್ರತಿ ಪದದ ಮೊದಲಕ್ಷರ ದೊಡ್ಡದು, ಪದಗಳ ನಡುವೆ ಜಾಗ ಇಲ್ಲ. ಚೌಕ ಕಂಸದ ಹೆಸರುಗಳ ಮೊದಲಕ್ಷರವೂ ದೊಡ್ಡದೇ.

[ಯೂನಿಟ್]
ಡಿಸ್ಕ್ರಿಪ್ಶನ್=ಪಿಡಿಪಿ-11 2.11ಬಿಎಸ್‌ಡಿ
ಆಫ್ಟರ್=ನೆಟ್‌ವರ್ಕ್.ಟಾರ್ಗೆಟ್

[ಸರ್ವಿಸ್]
ಟೈಪ್=ಸಿಂಪಲ್
ಯೂಸರ್=ಅಜ್ಜ
ವರ್ಕಿಂಗ್‌ಡೈರೆಕ್ಟರಿ=/ಹೋಮ್/ಅಜ್ಜ
ಎಕ್ಸೆಕ್‌ಸ್ಟಾರ್ಟ್=/ಯುಎಸ್‌ಆರ್/ಬಿನ್/ಸ್ಕ್ರೀನ್ -ಡಿ -ಎಂ -ಎಸ್ ಪಿಡಿಪಿ11 /ಹೋಮ್/ಅಜ್ಜ/ಪಿಡಿಪಿ11 /ಹೋಮ್/ಅಜ್ಜ/ಬೂಟ್.ಇನಿ
ಎಕ್ಸೆಕ್‌ಸ್ಟಾಪ್=/ಹೋಮ್/ಅಜ್ಜ/ಸ್ಟಾಪ್.ಎಸ್‌ಎಚ್ $ಮೇನ್‌ಪಿಐಡಿ
ಟೈಮ್‌ಔಟ್‌ಸ್ಟಾಪ್‌ಸೆಕ್=120
ರೀಸ್ಟಾರ್ಟ್=ಆನ್-ಫೇಲ್ಯೂರ್

[ಇನ್‌ಸ್ಟಾಲ್]
ವಾಂಟೆಡ್‌ಬೈ=ಮಲ್ಟಿ-ಯೂಸರ್.ಟಾರ್ಗೆಟ್

ಸ್ಕ್ರೀನ್ ಸಾಲಿನ ಅಕ್ಷರಗಳನ್ನು ಗಮನಿಸಿ. ಡಿ ಮತ್ತು ಎಸ್ ದೊಡ್ಡವು, ಎಂ ಸಣ್ಣದು. ಇಲ್ಲಿ ಸಣ್ಣ ಡಿ ಹಾಕಿದರೆ ಸ್ಕ್ರೀನ್ ಹಿನ್ನೆಲೆಗೆ ಸರಿದು, ಮೊದಲ ಪ್ರಕ್ರಿಯೆ ಮುಗಿದುಹೋಗುತ್ತದೆ. ಸರ್ವಿಸ್ ಸತ್ತಿತು ಎಂದು ಸಿಸ್ಟಮ್‌ಡಿ ತಿಳಿದು ಉಳಿದದ್ದನ್ನೂ ಕೊಲ್ಲುತ್ತದೆ. ದೊಡ್ಡ ಡಿ ಹಾಕಿದರೆ ಸ್ಕ್ರೀನ್ ಯಾರಿಗೂ ಕಾಣದಂತೆ ಓಡುತ್ತದೆ, ಆದರೆ ಸಿಸ್ಟಮ್‌ಡಿಯ ಕೈಯಲ್ಲೇ ಇರುತ್ತದೆ. ಒಳಗಿನ ಎಮ್ಯುಲೇಟರ್ ಮುಗಿದರೆ ತಾನೂ ಮುಗಿಯುತ್ತದೆ. ನಮಗೆ ಬೇಕಾದದ್ದು ಇದೇ.

ಡಾಲರ್ ಚಿಹ್ನೆಯ ಮುಂದಿನ ಮೇನ್‌ಪಿಐಡಿ ಪೂರ್ತಿ ದೊಡ್ಡ ಅಕ್ಷರದಲ್ಲಿರಬೇಕು. ಮುಖ್ಯ ಪ್ರಕ್ರಿಯೆಯ ನಂಬರನ್ನು ಸಿಸ್ಟಮ್‌ಡಿ ಅದರಲ್ಲಿ ತುಂಬಿಕೊಡುತ್ತದೆ. ರೀಸ್ಟಾರ್ಟ್‌ಗೆ "ಆಲ್ವೇಸ್" ಹಾಕಬೇಡಿ. ಒಳಗಿನಿಂದ ನೀವೇ ಬೇಕೆಂದು ಶಟ್‌ಡೌನ್ ಮಾಡಿದರೂ ಅದು ಮತ್ತೆ ಎಬ್ಬಿಸುತ್ತದೆ.

ನಿಲ್ಲಿಸುವ ಸ್ಕ್ರಿಪ್ಟ್

ಏನೂ ಏರ್ಪಾಡು ಮಾಡದೆ ಬಿಟ್ಟರೆ ಏನಾಗುತ್ತದೆ? ನೀವು ಪೈ ರೀಬೂಟ್ ಮಾಡುತ್ತೀರಿ. ಸಿಸ್ಟಮ್‌ಡಿ ಸರ್ವಿಸ್‌ಗೆ ಮುಗಿಸುವ ಸಿಗ್ನಲ್ ಕಳಿಸುತ್ತದೆ. ಎಮ್ಯುಲೇಟರ್ ಮುಗಿಯುತ್ತದೆ. ಒಳಗಿನ ಯುನಿಕ್ಸ್ ಪಾಲಿಗೆ ಇದು ಕರೆಂಟ್ ಹೋದ ಹಾಗೆಯೇ. ಆ ಕಾಲದ ಯುನಿಕ್ಸ್ ಬರೆಯಬೇಕಾದ್ದನ್ನು ಮೆಮೊರಿಯಲ್ಲಿ ಇಟ್ಟುಕೊಂಡು, ಸುಮಾರು 30 ಸೆಕೆಂಡಿಗೊಮ್ಮೆ ಡಿಸ್ಕ್‌ಗೆ ಇಳಿಸುತ್ತದೆ. ಈಗಿನ ಲಿನಕ್ಸ್‌ನಲ್ಲಿರುವ ಜರ್ನಲ್ (ಡಿಸ್ಕ್‌ನ ಬದಲಾವಣೆಗಳನ್ನು ಮೊದಲೇ ಬರೆದಿಡುವ ದಾಖಲೆ) ಅದರ ಫೈಲ್ ಸಿಸ್ಟಮ್‌ನಲ್ಲಿ ಇಲ್ಲ. ಡಿಸ್ಕ್‌ಗೆ ಇಳಿಯದೆ ಉಳಿದದ್ದು ಹೋಯಿತು ಅಷ್ಟೆ. ಮುಂದಿನ ಬೂಟ್‌ನಲ್ಲಿ ಡಿಸ್ಕ್ ಪರೀಕ್ಷಿಸುವ ಎಫ್‌ಎಸ್‌ಸಿಕೆ ಎಂಬ ಪ್ರೋಗ್ರಾಮ್ ಸರಿಪಡಿಸಲು ನೋಡುತ್ತದೆ. ಬಹಳ ಸಲ ಸರಿಹೋಗುತ್ತದೆ. ಸರಿಹೋಗದ ದಿನ ಅದು ಪ್ರಶ್ನೆ ಕೇಳುತ್ತಾ ಸಿಂಗಲ್ ಯೂಸರ್‌ನಲ್ಲಿ ನಿಂತುಬಿಡುತ್ತದೆ. ಹಿನ್ನೆಲೆಯಲ್ಲಿ ಓಡುವ ಯಂತ್ರದಲ್ಲಿ ಆ ಪ್ರಶ್ನೆ ಯಾರಿಗೂ ಕಾಣುವುದಿಲ್ಲ.

ಹಾಗಾಗಿ ನಮ್ಮ ಸ್ಕ್ರಿಪ್ಟ್ ಕನ್ಸೋಲ್ ಮುಂದೆ ಕೂತ ಆಪರೇಟರ್ ಮಾಡುವುದನ್ನೇ ಮಾಡಬೇಕು. ರೂಟ್ ಆಗಿ ಲಾಗಿನ್ ಆಗಬೇಕು, ಶಟ್‌ಡೌನ್ ಎನ್ನಬೇಕು, ಯಂತ್ರ ನಿಲ್ಲುವವರೆಗೆ ಕಾಯಬೇಕು. /ಹೋಮ್/ಅಜ್ಜ/ಸ್ಟಾಪ್.ಎಸ್‌ಎಚ್ ಹೀಗಿರಲಿ:

#!/ಬಿನ್/ಎಸ್‌ಎಚ್
ಸ್ಕ್ರೀನ್ -ಎಸ್ ಪಿಡಿಪಿ11 -ಪಿ 0 -ಎಕ್ಸ್ ಸ್ಟಫ್ "^ಎಂ"
ಸ್ಲೀಪ್ 2
ಸ್ಕ್ರೀನ್ -ಎಸ್ ಪಿಡಿಪಿ11 -ಪಿ 0 -ಎಕ್ಸ್ ಸ್ಟಫ್ "ರೂಟ್^ಎಂ"
ಸ್ಲೀಪ್ 5
ಸ್ಕ್ರೀನ್ -ಎಸ್ ಪಿಡಿಪಿ11 -ಪಿ 0 -ಎಕ್ಸ್ ಸ್ಟಫ್ "ಶಟ್‌ಡೌನ್ -ಎಚ್ ನೌ^ಎಂ"
ಟೇಲ್ --ಪಿಐಡಿ=$1 -ಎಫ್ /ಡೆವ್/ನಲ್

ಎಸ್ ಮತ್ತು ಎಕ್ಸ್ ದೊಡ್ಡ ಅಕ್ಷರ, ಪಿ ಸಣ್ಣದು. ಉದ್ಧರಣೆಯೊಳಗಿನ ಟೋಪಿ ಚಿಹ್ನೆ ಮತ್ತು ದೊಡ್ಡ ಎಂ ಸೇರಿ ಎಂಟರ್ ಕೀ. ಅವು ಎರಡು ಬೇರೆ ಅಕ್ಷರಗಳಾಗಿಯೇ ಟೈಪ್ ಆಗಬೇಕು.

"-ಪಿ 0" ಬಿಟ್ಟರೆ ಈ ಸ್ಕ್ರಿಪ್ಟ್ ಕೆಲಸ ಮಾಡದೇ ಹೋಗಬಹುದು. ಯಾರೂ ಒಮ್ಮೆಯೂ ಸೇರಿಕೊಳ್ಳದ ಸ್ಕ್ರೀನ್‌ನಲ್ಲಿ ಯಾವ ವಿಂಡೋಗೆ ಟೈಪ್ ಮಾಡಬೇಕು ಎಂದು ಅದಕ್ಕೆ ಗೊತ್ತಿರುವುದಿಲ್ಲ. ನಮ್ಮ ಸರ್ವಿಸ್ ಇರುವುದೇ ಆ ಸ್ಥಿತಿಯಲ್ಲಿ. ಸೊನ್ನೆಯ ವಿಂಡೋ ಎಂದು ಹೆಸರಿಸಿ ಹೇಳಬೇಕು.

ಕೊನೆಯ ಸಾಲು ಕಾಯುವುದಕ್ಕೆ. ಸ್ಟಾಪ್ ಸ್ಕ್ರಿಪ್ಟ್ ಮುಗಿದ ಕ್ಷಣ ಸಿಸ್ಟಮ್‌ಡಿ ಉಳಿದ ಪ್ರಕ್ರಿಯೆಗಳಿಗೆ ಸಿಗ್ನಲ್ ಕಳಿಸುತ್ತದೆ. ಒಳಗೆ ಶಟ್‌ಡೌನ್ ಇನ್ನೂ ನಡೆಯುತ್ತಿರುವಾಗಲೇ ಸ್ಕ್ರಿಪ್ಟ್ ಮುಗಿದರೆ ಮಾಡಿದ್ದೆಲ್ಲ ವ್ಯರ್ಥ. ಟೇಲ್ ಇಲ್ಲಿ ಸ್ಕ್ರೀನ್ ಪ್ರಕ್ರಿಯೆ ಇರುವವರೆಗೆ ಸುಮ್ನೆ ಕಾದು, ಅದು ಹೋದೊಡನೆ ತಾನೂ ಹೋಗುತ್ತದೆ. 120 ಸೆಕೆಂಡಿನ ಮಿತಿ ಹೊರಗಿನ ಬೇಲಿ. ಏನೋ ಕೆಟ್ಟು ಒಳಗಿನದು ನಿಲ್ಲದಿದ್ದರೂ ನಿಮ್ಮ ಪೈ ರೀಬೂಟ್ ಅನಂತವಾಗಿ ಕಾಯುವುದಿಲ್ಲ.

ರೂಟ್ ಆಗಲೇ ಕನ್ಸೋಲ್‌ನಲ್ಲಿ ಲಾಗಿನ್ ಆಗಿದ್ದರೆ? ಆಗ "ರೂಟ್" ಎಂಬುದು ಗೊತ್ತಿಲ್ಲದ ಕಮಾಂಡ್ ಎಂದು ಶೆಲ್ ಹೇಳುತ್ತದೆ, ತೊಂದರೆ ಇಲ್ಲ, ಮುಂದಿನ ಸಾಲು ಕೆಲಸ ಮಾಡುತ್ತದೆ. ಆದರೆ ಕನ್ಸೋಲ್‌ನಲ್ಲಿ ವಿಐ ಎಡಿಟರ್ ತೆರೆದಿಟ್ಟು ಬಂದಿದ್ದರೆ ಈ ಅಕ್ಷರಗಳೆಲ್ಲ ಆ ಫೈಲಿನೊಳಗೆ ಹೋಗುತ್ತವೆ. ಕನ್ಸೋಲನ್ನು ಯಾವಾಗಲೂ ಲಾಗಿನ್ ಪ್ರಾಂಪ್ಟ್‌ನಲ್ಲೇ ಬಿಟ್ಟು ಬನ್ನಿ. ದಿನದ ಕೆಲಸಕ್ಕೆ ಟೆಲ್ನೆಟ್ ಲೈನ್‌ಗಳು ಇದ್ದೇ ಇವೆ.

ಲಾಗಿನ್ ಆದಾಗ ಟರ್ಮಿನಲ್ ಯಾವುದು ಎಂದು ಕೇಳುವ ಇಮೇಜ್‌ಗಳೂ ಉಂಟು. ನಿಮ್ಮದು ಹಾಗಿದ್ದರೆ ಮಧ್ಯೆ ಇನ್ನೊಂದು ಎಂಟರ್ ಸೇರಿಸಿ. ರೂಟ್‌ಗೆ ಪಾಸ್‌ವರ್ಡ್ ಇದ್ದರೆ ಅದನ್ನೂ ಒಂದು ಸ್ಟಫ್ ಸಾಲಿನಲ್ಲಿ ಬರೆಯಬೇಕಾಗುತ್ತದೆ. ಆಗ "ಸಿಎಚ್‌ಮಾಡ್ 700" ಕೊಟ್ಟು ಸ್ಕ್ರಿಪ್ಟ್ ಅಜ್ಜನಿಗೆ ಬಿಟ್ಟು ಬೇರೆ ಯಾರಿಗೂ ಕಾಣದಂತೆ ಮಾಡಿ. ಪಾಸ್‌ವರ್ಡ್ ಇಲ್ಲದಿದ್ದರೂ ಸ್ಕ್ರಿಪ್ಟ್ ಓಡಬೇಕಾದರೆ ಈ ಅನುಮತಿ ಬೇಕು.

ಚಾಲೂ ಮಾಡಿ ಪರೀಕ್ಷಿಸಿ

ಸುಡೋ ಸಿಸ್ಟಮ್‌ಸಿಟಿಎಲ್ ಡೀಮನ್-ರೀಲೋಡ್
ಸುಡೋ ಸಿಸ್ಟಮ್‌ಸಿಟಿಎಲ್ ಎನೇಬಲ್ --ನೌ ಪಿಡಿಪಿ11

ಸ್ಟೇಟಸ್ ಕೇಳಿದರೆ ಆಕ್ಟಿವ್ ಎಂದು ಬರಬೇಕು. ಸಿಸ್ಟಮ್‌ಡಿಯ ಲಾಗ್‌ನಲ್ಲಿ ಹೆಚ್ಚೇನೂ ಸಿಗುವುದಿಲ್ಲ, ಏಕೆಂದರೆ ಯಂತ್ರದ ಮಾತೆಲ್ಲ ಸ್ಕ್ರೀನ್ ಒಳಗೇ ಇರುತ್ತದೆ. ಅದನ್ನು ನೋಡಲು ಅಜ್ಜನಾಗಿ ಹೋಗಿ "ಸ್ಕ್ರೀನ್ -ಆರ್ ಪಿಡಿಪಿ11" ಕೊಡಿ. ನಿಮ್ಮ ಟರ್ಮಿನಲ್ ತೆರೆಯಲಾಗುತ್ತಿಲ್ಲ ಎಂದು ಅದು ತಕರಾರು ಮಾಡಿದರೆ, ಆ ಟರ್ಮಿನಲ್ ಇನ್ನೂ ನಿಮ್ಮ ಹೆಸರಿನಲ್ಲಿದೆ, ಅಜ್ಜನ ಹೆಸರಿನಲ್ಲಿ ಇಲ್ಲ ಎಂದರ್ಥ. ಮೊದಲು "ಸ್ಕ್ರಿಪ್ಟ್ -ಕ್ಯು /ಡೆವ್/ನಲ್" ಕೊಟ್ಟು, ಆಮೇಲೆ ಸ್ಕ್ರೀನ್ ಕಮಾಂಡ್ ಕೊಟ್ಟರೆ ತೆರೆಯುತ್ತದೆ. ಹೊರಗೆ ಬರಲು ಕಂಟ್ರೋಲ್-ಎ ಒತ್ತಿ, ಬಿಟ್ಟು, ಡಿ ಒತ್ತಿ.

ಈಗ ಮುಖ್ಯ ಪರೀಕ್ಷೆ. ಟೆಲ್ನೆಟ್‌ನಿಂದ ಲಾಗಿನ್ ಆಗಿ ಒಂದು ಫೈಲ್ ಬರೆಯಿರಿ. ಬರೆದ ತಕ್ಷಣ ಇನ್ನೊಂದು ವಿಂಡೋದಿಂದ ಪೈ ರೀಬೂಟ್ ಮಾಡಿ. ನಿಮ್ಮ ಟೆಲ್ನೆಟ್ ಪರದೆಯಲ್ಲಿ ಸಿಸ್ಟಮ್ ಮುಚ್ಚುತ್ತಿದೆ ಎಂಬ ಹಳೆಯ ಯುನಿಕ್ಸ್‌ನ ಎಚ್ಚರಿಕೆ ಬಂದರೆ ಸುದ್ದಿ ಒಳಗೆ ತಲುಪಿದೆ. ಪೈ ಮೇಲೆದ್ದ ಮೇಲೆ ಕನ್ಸೋಲ್ ನೋಡಿ. ಎಫ್‌ಎಸ್‌ಸಿಕೆ ಏನನ್ನಾದರೂ ಸರಿಪಡಿಸಿದ ಸಾಲು ಕಂಡರೆ ಹಿಂದಿನ ಶಟ್‌ಡೌನ್ ಪೂರ್ತಿಯಾಗಿಲ್ಲ, ಸ್ಕ್ರಿಪ್ಟ್‌ನ ಸ್ಲೀಪ್ ಅವಧಿ ಹೆಚ್ಚಿಸಿ ನೋಡಿ. ಬರೆದ ಫೈಲ್ ಅಲ್ಲೇ ಇದ್ದರೆ ಎಲ್ಲವೂ ಸರಿಯಾಗಿದೆ.

ಇಷ್ಟೆಲ್ಲ ಮಾಡಿದರೂ ಗೋಡೆಯ ಕರೆಂಟೇ ಹೋದರೆ ಸ್ಕ್ರಿಪ್ಟ್ ಓಡಲು ಸಮಯ ಸಿಗುವುದಿಲ್ಲ. ನಮ್ಮ ಕಡೆ ಇದು ಅಪರೂಪದ ಸಂಗತಿ ಅಲ್ಲ. ಪೈ ಮತ್ತು ರೌಟರ್ ಎರಡನ್ನೂ ಒಂದು ಚಿಕ್ಕ ಯುಪಿಎಸ್ ಮೇಲೆ ಇಡಿ. ಯುಪಿಎಸ್‌ಗೆ ಯುಎಸ್‌ಬಿ ಇದ್ದರೆ ಎನ್‌ಯುಟಿ ಎಂಬ ಸಾಫ್ಟ್‌ವೇರ್ ಹಾಕಿ. ಬ್ಯಾಟರಿ ಇಳಿದಾಗ ಅದು ಲಿನಕ್ಸನ್ನು ಮುಚ್ಚಿಸುತ್ತದೆ, ಲಿನಕ್ಸ್ ನಮ್ಮ ಸ್ಕ್ರಿಪ್ಟ್ ಓಡಿಸುತ್ತದೆ.

ಬಾಗಿಲು ಎಷ್ಟು ತೆರೆದಿರಬೇಕು

ಟೆಲ್ನೆಟ್‌ನಲ್ಲಿ ಗುಟ್ಟು ಎಂಬುದಿಲ್ಲ. ಪಾಸ್‌ವರ್ಡ್ ಕೂಡ ಮುಚ್ಚುಮರೆಯಿಲ್ಲದೆ ತಂತಿಯಲ್ಲಿ ಹೋಗುತ್ತದೆ. ಸಿದ್ಧ ಇಮೇಜ್‌ಗಳಲ್ಲಿ ರೂಟ್‌ಗೆ ಪಾಸ್‌ವರ್ಡ್ ಇಲ್ಲದಿರುವುದೂ ಉಂಟು. 2323ನೆಯ ಪೋರ್ಟನ್ನು ರೌಟರ್‌ನಲ್ಲಿ ಇಂಟರ್‌ನೆಟ್‌ಗೆ ತೆರೆಯಬೇಡಿ. ಪೈ ಮೇಲೆ ಯುಎಫ್‌ಡಬ್ಲ್ಯು ಎಂಬ ಫೈರ್‌ವಾಲ್ ಹಾಕಿ ಮನೆಯ ನೆಟ್‌ವರ್ಕ್‌ಗೆ ಮಾತ್ರ ಬಿಡಿ. ಹೊರಗಿನಿಂದ ಬೇಕೆಂದರೆ ಎಸ್‌ಎಸ್‌ಎಚ್ ಸುರಂಗ ಮಾಡಿಕೊಳ್ಳಿ: "ಎಸ್‌ಎಸ್‌ಎಚ್ -ಎಲ್ 2323:ಲೋಕಲ್‌ಹೋಸ್ಟ್:2323" ಎಂದು ಬರೆದು ಮುಂದೆ ಪೈ ವಿಳಾಸ. ಇಲ್ಲಿ ಎಲ್ ದೊಡ್ಡ ಅಕ್ಷರ. ಆಮೇಲೆ ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಲೋಕಲ್‌ಹೋಸ್ಟ್‌ನ 2323ಕ್ಕೆ ಟೆಲ್ನೆಟ್ ಮಾಡಿದರೆ ಸಾಕು.

ಗಡಿಯಾರ ಮತ್ತು ಬ್ಯಾಕಪ್

11/70ರಲ್ಲಿ ಬ್ಯಾಟರಿ ಮೇಲೆ ನಡೆಯುವ ಗಡಿಯಾರ ಇಲ್ಲ. ಅದರ ಲೈನ್ ಕ್ಲಾಕ್ ಕರೆಂಟಿನ ಆವರ್ತನ ನೋಡಿ ಟಿಕ್ ಎಣಿಸುತ್ತದೆ ಅಷ್ಟೆ, ಇವತ್ತು ಯಾವ ದಿನ ಎಂದು ಅದಕ್ಕೆ ತಿಳಿಯದು. ಬೂಟ್ ಆದಾಗ ಯುನಿಕ್ಸ್ ಡಿಸ್ಕ್‌ನಲ್ಲಿ ಕೊನೆಗೆ ಬರೆದಿಟ್ಟ ಸಮಯದಿಂದ ಮುಂದುವರಿಯುತ್ತದೆ. ಎರಡು ದಿನ ಮುಚ್ಚಿಟ್ಟಿದ್ದರೆ ಎರಡು ದಿನ ಹಿಂದೆ ಇರುತ್ತದೆ. ಕ್ರಾನ್ ಮತ್ತು ಮೇಕ್ ಎರಡೂ ಸಮಯವನ್ನು ನಂಬಿ ಕೆಲಸ ಮಾಡುವುದರಿಂದ ಇದನ್ನು ಸರಿಪಡಿಸಲೇಬೇಕು. ಬೂಟ್ ಆದ ಮೇಲೆ ಕನ್ಸೋಲ್‌ನಲ್ಲಿ ಡೇಟ್ ಕಮಾಂಡ್‌ಗೆ ವರ್ಷ, ತಿಂಗಳು, ದಿನ, ಗಂಟೆ, ನಿಮಿಷಗಳನ್ನು ಎರಡೆರಡು ಅಂಕಿಯಲ್ಲಿ ಒಟ್ಟಿಗೆ ಕೊಡಿ. ನಿಲ್ಲಿಸುವಾಗ ಬಳಸಿದ ಸ್ಟಫ್ ದಾರಿಯಲ್ಲೇ ಲಿನಕ್ಸ್‌ನ ಸಮಯವನ್ನು ಒಳಗೆ ಟೈಪ್ ಮಾಡಿಸುವ ಚಿಕ್ಕ ಸ್ಕ್ರಿಪ್ಟ್ ಕೂಡ ಬರೆಯಬಹುದು. ಈ ಯುನಿಕ್ಸ್ ಸಮಯವನ್ನು 32 ಬಿಟ್‌ನಲ್ಲಿ ಎಣಿಸುತ್ತದೆ, ಹಾಗಾಗಿ 2038ರ ಜನವರಿ 19ರವರೆಗೆ ಚಿಂತೆ ಇಲ್ಲ.

ಬ್ಯಾಕಪ್ ಸರಳ. ಇಡೀ ಯಂತ್ರ ಒಂದೇ ಫೈಲ್. ಆದರೆ ಓಡುತ್ತಿರುವಾಗ ಅದನ್ನು ಕಾಪಿ ಮಾಡಬೇಡಿ. ಅರ್ಧ ಬರೆದ ಸ್ಥಿತಿಯ ನಕಲು ಸಿಗುತ್ತದೆ, ಅದು ಕರೆಂಟ್ ಹೋದ ಡಿಸ್ಕ್‌ಗೆ ಸಮ. ಸಿಸ್ಟಮ್‌ಸಿಟಿಎಲ್ ಸ್ಟಾಪ್ ಕೊಟ್ಟು, ಕಾಪಿ ಮಾಡಿ, ಮತ್ತೆ ಸ್ಟಾರ್ಟ್ ಕೊಡಿ. ಇದನ್ನು ವಾರಕ್ಕೊಮ್ಮೆ ರಾತ್ರಿ ಮಾಡುವಂತೆ ಲಿನಕ್ಸ್‌ನ ಕ್ರಾನ್‌ಗೆ ಹೇಳಿಡಬಹುದು. ಇಮೇಜ್ ಇರುವುದು ಎಸ್‌ಡಿ ಕಾರ್ಡ್ ಮೇಲಾದರೆ ನಕಲು ಬೇರೆ ಕಡೆ ಇರಲಿ. ಸದಾ ಬರೆಯುವ ಕೆಲಸಕ್ಕೆ ಯುಎಸ್‌ಬಿಯಲ್ಲಿ ಹಾಕಿದ ಎಸ್‌ಎಸ್‌ಡಿ ಹೆಚ್ಚು ಬಾಳುತ್ತದೆ.

ಬೇರೆ ಯಂತ್ರಗಳಿಗೂ ಈ ಕ್ರಮ ನಡೆಯುತ್ತದೆ. ಸಿಮ್‌ಎಚ್‌ನ ವ್ಯಾಕ್ಸ್ (ಡೆಕ್‌ನ ಇನ್ನೊಂದು ಯಂತ್ರ) ಆದರೆ ಐಡಲ್ ಸಾಲಿನಲ್ಲಿ ಒಳಗಿನ ಆಪರೇಟಿಂಗ್ ಸಿಸ್ಟಮ್ ಹೆಸರನ್ನೂ ಹೇಳಬೇಕು, ಉದಾಹರಣೆಗೆ "ಐಡಲ್=ವಿಎಂಎಸ್". ಸ್ಟಾಪ್ ಸ್ಕ್ರಿಪ್ಟ್‌ನಲ್ಲಿ ಟೈಪ್ ಆಗುವ ಮಾತುಗಳು ಆ ಸಿಸ್ಟಮ್‌ಗೆ ತಕ್ಕಂತೆ ಬದಲಾಗಬೇಕು. ಸಿಮ್‌ಎಚ್‌ನ ಹೊಸ ಆವೃತ್ತಿ ಕಟ್ಟಿದಾಗ ಮೊದಲು ಸರ್ವಿಸ್ ನಿಲ್ಲಿಸಿ, ಹಳೆಯ ಪಿಡಿಪಿ11 ಫೈಲನ್ನು ಬೇರೆ ಹೆಸರಿನಲ್ಲಿ ಉಳಿಸಿ, ಹೊಸದನ್ನು ಅದರ ಜಾಗಕ್ಕೆ ಹಾಕಿ. ಮತ್ತೊಮ್ಮೆ ಕೈಯಾರೆ ಬೂಟ್ ಮತ್ತು ಶಟ್‌ಡೌನ್ ಮಾಡಿ ನೋಡಿದ ಮೇಲೆಯೇ ಸರ್ವಿಸ್ ಸ್ಟಾರ್ಟ್ ಕೊಡಿ.